ಅಕೇಶಿಯಾ ಮರ ಕಾಗದವಾಗುವ ಬಗೆ



ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಗುಡ್ಡಗಳಲ್ಲಿ ಸಾಲುಗಟ್ಟಿ ನಿಂತ ಅಕೇಶಿಯಾ ಮರಗಳನ್ನು ನೀವು ನೋಡಿಯೇ ಇದ್ದೀರಿ. ನಿಮ್ಮ ಖುಷ್ಕಿ ಜಮೀನಿನ ಮೂಲೆಯಲ್ಲಿಯೂ ಹತ್ತಿಪ್ಪತ್ತು ಮರ ಇದ್ದೀತು. ಒಂದು ದಿನ ವ್ಯಾಪಾರಿ ಬಂದು, "ಟನ್ನಿಗೆ ಇಷ್ಟು ಕೊಡ್ತೇನೆ, ಆಗಬಹುದಾ?" ಎಂದು ಕೇಳುತ್ತಾನೆ. ಆಗಬಹುದು ಎನ್ನಬೇಕೋ ಬೇಡವೋ? ಆ ಮರ ಕಾರ್ಖಾನೆಯ ಒಳಗೆ ಹೋಗಿ ಏನಾಗುತ್ತದೆ ಎಂಬುದು ತಿಳಿದಿದ್ದರೆ ಉತ್ತರ ಕೊಡುವುದು ಸುಲಭ. ಇಂದು ಅದನ್ನೇ ಕುರಿತು ನಾಲ್ಕು ಮಾತು.

ಮರವೆಂದರೆ ಎಳೆಗಳ ಕಟ್ಟು. ಕೂದಲಿಗಿಂತಲೂ ಸಣ್ಣದಾದ ಲಕ್ಷಗಟ್ಟಲೆ ನಾರಿನ ಎಳೆಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ವಸ್ತುವಿಗೆ ಲಿಗ್ನಿನ್ ಎಂದು ಹೆಸರು. ಮರ ಬಿರುಸಾಗಿ ನೆಟ್ಟಗೆ ನಿಲ್ಲುವುದು ಈ ಅಂಟಿನಿಂದಲೇ. ಕಾಗದಕ್ಕೆ ಬೇಕಾದದ್ದು ನಾರು ಮಾತ್ರ. ಆದ್ದರಿಂದ ನಾರು ಕಡಿಯದ ಹಾಗೆ ಅಂಟನ್ನು ಬಿಡಿಸಬೇಕು. ಮರವನ್ನು ಬರೇ ಅರೆದು ನಾರು ತೆಗೆಯುವುದೂ ಉಂಟು. ಆಗ ಅಂಟು ಬಹುಪಾಲು ನಾರಿನಲ್ಲೇ ಉಳಿದುಬಿಡುತ್ತದೆ. ಸುದ್ದಿಪತ್ರಿಕೆಯನ್ನು ನಾಲ್ಕು ದಿನ ಬಿಸಿಲಲ್ಲಿ ಬಿಟ್ಟರೆ ಹಳದಿಯಾಗುತ್ತದಲ್ಲ, ಅದಕ್ಕೆ ಮುಖ್ಯ ಕಾರಣ ಹೀಗೆ ಉಳಿದ ಲಿಗ್ನಿನ್. ಒಳ್ಳೆಯ ನೋಟುಪುಸ್ತಕದ ಕಾಗದ ಬೇಕಾದರೆ ಮರವನ್ನು ರಾಸಾಯನಿಕದಲ್ಲಿ ಬೇಯಿಸಲೇಬೇಕು.

ಕಾಗದದ ಕಸುಬಿನಲ್ಲಿ ಅಗಲ ಎಲೆಯ ಮರಗಳಿಗೆಲ್ಲ ಗಟ್ಟಿಮರ ಎಂದೂ, ಪೈನ್‌ನಂಥ ಸೂಜಿ ಎಲೆಯ ಮರಗಳಿಗೆ ಮೆದುಮರ ಎಂದೂ ಹೇಳುವುದು ರೂಢಿ. ಕೈಗೆ ಮೆತ್ತಗೆ ಸಿಕ್ಕುವ ಬೂರುಗವೂ ಆ ಲೆಕ್ಕದಲ್ಲಿ ಗಟ್ಟಿಮರವೇ! ವ್ಯತ್ಯಾಸವಿರುವುದು ನಾರಿನ ಉದ್ದದಲ್ಲಿ. ಪೈನ್ ಮರದ ನಾರು ಸುಮಾರು 3 ಮಿಲಿಮೀಟರ್. ಅಕೇಶಿಯಾ, ನೀಲಗಿರಿಗಳದು ಸುಮಾರು 1 ಮಿಲಿಮೀಟರ್. ಬಿದಿರಿನದು ಇವೆರಡರ ನಡುವೆ. ಉದ್ದ ನಾರು ಹಗ್ಗಕ್ಕೆ ಬಲ ಕೊಡುವಂತೆ ಕಾಗದಕ್ಕೂ ಬಲ ಕೊಡುತ್ತದೆ. ಗಿಡ್ಡ ನಾರಿನ ಕಾಗದ ನಯವಾಗಿದ್ದು ಅಚ್ಚಿಗೂ ಬರಹಕ್ಕೂ ಒಪ್ಪುತ್ತದೆ.

ಇನ್ನು ಬೇಯಿಸುವ ಕ್ರಮ ನೋಡೋಣ. ಮೊದಲು ತೊಗಟೆ ತೆಗೆದ ಮರವನ್ನು ಯಂತ್ರದಲ್ಲಿ ಸುಮಾರು ಒಂದಂಗುಲದ ಚಕ್ಕೆಗಳಾಗಿ ಸೀಳುತ್ತಾರೆ. ಚಕ್ಕೆಗಳೆಲ್ಲ ಒಂದೇ ಗಾತ್ರ ಇರಬೇಕು. ಎಳೆಯದು ಬಲಿತದ್ದು ಬೆರೆಸಿ ಅಡಕೆ ಬೇಯಿಸಿದರೆ ಒಂದು ಕರಗಿ ಇನ್ನೊಂದು ಬೇಯದೆ ಉಳಿಯುವುದಿಲ್ಲವೇ, ಇಲ್ಲಿಯೂ ಹಾಗೆಯೇ. ಆಮೇಲೆ ಚಕ್ಕೆಯನ್ನು ದೊಡ್ಡ ಉಕ್ಕಿನ ಕಡಾಯಕ್ಕೆ ತುಂಬಿ, ಕಾಸ್ಟಿಕ್ ಸೋಡ ಮತ್ತು ಸೋಡಿಯಂ ಸಲ್ಫೈಡ್ ಕರಗಿಸಿದ ನೀರು ಬಿಟ್ಟು, ಬಾಯಿ ಭದ್ರಪಡಿಸಿ ಆವಿಯಿಂದ ಕಾಯಿಸುತ್ತಾರೆ. ನಮ್ಮ ಮನೆಯ ಕುಕ್ಕರ್ ಒಳಗಿನ ಬಿಸಿ ಸುಮಾರು 120 ಡಿಗ್ರಿ. ಈ ಕಡಾಯದಲ್ಲಿ 165ರಿಂದ 170 ಡಿಗ್ರಿ ಸೆಲ್ಸಿಯಸ್. ಕೆಲವು ಗಂಟೆಗಳಲ್ಲಿ ಲಿಗ್ನಿನ್ ಕರಗಿ ನೀರಿಗಿಳಿಯುತ್ತದೆ, ನಾರು ಬಿಡಿಬಿಡಿಯಾಗುತ್ತದೆ. ಈ ನಾರಿನ ರಾಶಿಗೆ ಪಲ್ಪ್ ಎನ್ನುತ್ತಾರೆ. 1879ರಲ್ಲಿ ಕಾರ್ಲ್ ಡಾಲ್ ಎಂಬಾತ ಜರ್ಮನಿಯಲ್ಲಿ ಕಂಡುಹಿಡಿದ ಈ ವಿಧಾನಕ್ಕೆ ಕ್ರಾಫ್ಟ್ ವಿಧಾನವೆಂದು ಹೆಸರು. ಕ್ರಾಫ್ಟ್ ಅಂದರೆ ಜರ್ಮನ್ ಮಾತಿನಲ್ಲಿ ಬಲ ಎಂದರ್ಥ. ಕಾಗದದ ಕಾರ್ಖಾನೆಯ ಸುತ್ತ ಕೊಳೆತ ಮೊಟ್ಟೆಯ ವಾಸನೆ ಬರುವುದುಂಟು. ಸಲ್ಫೈಡಿನಲ್ಲಿರುವ ಗಂಧಕವೇ ಅದಕ್ಕೆ ಕಾರಣ.

ಬೆಂದ ಮೇಲೆ ಉಳಿಯುವ ನೀರು ಕಪ್ಪಗೆ ಕಾಡಿಗೆಯಂತಿರುತ್ತದೆ. ಇದನ್ನು ಕಪ್ಪು ದ್ರವ ಎನ್ನುತ್ತಾರೆ. ಇದು ಬಹಳ ಮುಖ್ಯ, ಗಮನವಿಟ್ಟು ಓದಿ. ಮರದ ಒಣ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸೇರುವುದು ಈ ದ್ರವಕ್ಕೆ. ಪಲ್ಪ್ ಆಗುವುದು ಅರ್ಧಕ್ಕೂ ತುಸು ಕಡಿಮೆ. ಅಡಕೆ ಬೇಯಿಸಿದ ಚೊಗರನ್ನು ನೀವು ಚೆಲ್ಲುತ್ತೀರಾ? ಇಲ್ಲ. ಮುಂದಿನ ಹಂಡೆಗೆ ಬೇಕೆಂದು ಎತ್ತಿಡುತ್ತೀರಿ. ಒಳ್ಳೆಯ ಕಾರ್ಖಾನೆಯೂ ಹಾಗೆಯೇ ಮಾಡುತ್ತದೆ. ಕಪ್ಪು ದ್ರವವನ್ನು ಇಂಗಿಸಿ ಗಟ್ಟಿ ಮಾಡಿ ವಿಶೇಷ ಕುಲುಮೆಯಲ್ಲಿ ಉರಿಸುತ್ತಾರೆ. ಲಿಗ್ನಿನ್ ಉರಿದು ಆವಿಯನ್ನೂ ವಿದ್ಯುತ್ತನ್ನೂ ಕೊಡುತ್ತದೆ. ಸೋಡದ ಉಪ್ಪು ಕರಗಿ ಕೆಳಗೆ ಹರಿಯುತ್ತದೆ. ಅದನ್ನು ನೀರಿಗೆ ಹಾಕಿ ಸುಣ್ಣ ಬೆರೆಸಿದರೆ ಮತ್ತೆ ಕಾಸ್ಟಿಕ್ ಸೋಡ ಸಿದ್ಧ. ಹೀಗೆ ಹಾಕಿದ ಸೋಡದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಹಿಂದಕ್ಕೆ ಬರುತ್ತದೆ.

ಈ ಕುಲುಮೆಗೆ ಅಪಾರ ಬಂಡವಾಳ ಬೇಕು. ಊರೂರಿಗೆ ಅಕ್ಕಿ ಗಿರಣಿ ಇಟ್ಟಂತೆ ಪಲ್ಪ್ ಗಿರಣಿ ಇಡಲಾಗದು ಎಂಬುದಕ್ಕೆ ಇದೇ ಕಾರಣ. ಕುಲುಮೆ ಇಲ್ಲದೆ ಬೇಯಿಸಿದರೆ ಕಪ್ಪು ದ್ರವ ಹೊಳೆಗೆ ಹೋಗಿ, ನೀರಿನಲ್ಲಿರುವ ಪ್ರಾಣವಾಯುವನ್ನು ಹೀರಿ ಮೀನನ್ನು ಕೊಲ್ಲುತ್ತದೆ. ಹೊಳೆ ಉಳಿಯುವುದೂ ಗಿರಣಿ ಲಾಭದಲ್ಲಿ ನಡೆಯುವುದೂ ಈ ಒಂದು ಕುಲುಮೆಯನ್ನು ಬಹಳ ಮಟ್ಟಿಗೆ ಅವಲಂಬಿಸಿದೆ.

ತೊಳೆದ ಪಲ್ಪ್ ಕಂದು ಬಣ್ಣದ್ದಾಗಿರುತ್ತದೆ. ಬಿಳಿ ಮಾಡಲು ಹಿಂದೆ ಕ್ಲೋರಿನ್ ಅನಿಲ ಬಳಸುತ್ತಿದ್ದರು. ಅದರಿಂದ ವಿಷವಸ್ತುಗಳು ಹುಟ್ಟುತ್ತವೆಂದು ತಿಳಿದ ಮೇಲೆ ಒಳ್ಳೆಯ ಗಿರಣಿಗಳು ಕ್ಲೋರಿನ್ ಡಯಾಕ್ಸೈಡ್, ಆಮ್ಲಜನಕಗಳಿಗೆ ತಿರುಗಿದವು. ಬಿಳಿಯಾದ ಪಲ್ಪನ್ನು ಧಾರಾಳ ನೀರಿನಲ್ಲಿ ಕದಡಿ ಓಡುವ ಜರಡಿಯ ಮೇಲೆ ಹರಿಸಿ, ಹಿಂಡಿ ಒಣಗಿಸಿದರೆ ಅದೇ ಕಾಗದ.

ಈಗ ನಮ್ಮ ಸೀಮೆಗೆ ಬರೋಣ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ ಸ್ಥಾಪನೆಯಾಯಿತು. ಮೊದಲು ಅದಕ್ಕೆ ಬಿದಿರೇ ಆಹಾರ. ಆದರೆ ಬಿದಿರು ಹೂ ಬಿಟ್ಟರೆ ಮೆಳೆಯೇ ಸಾಯುತ್ತದೆ. ಕಡಿತವೂ ಹೆಚ್ಚಿ ಬಿದಿರು ಸಾಲದಾಯಿತು. ಬಿದಿರಿನಲ್ಲಿ ಮರಳಿನ ಅಂಶವೂ ಜಾಸ್ತಿ. ಅದು ಕುಲುಮೆಯ ಕೊಳವೆಗಳಲ್ಲಿ ಗಾರೆಯಂತೆ ಕಟ್ಟಿಕೊಳ್ಳುತ್ತದೆ. 1980ರ ಸುಮಾರಿಗೆ ಸರ್ಕಾರ ಅರಣ್ಯಭೂಮಿಯನ್ನು ಕಾರ್ಖಾನೆಗೆ 40 ವರ್ಷದ ಗೇಣಿಗೆ ಕೊಟ್ಟಿತು. ಅಲ್ಲಿ ಬೆಳೆದದ್ದೇ ಈ ನೀಲಗಿರಿ, ಅಕೇಶಿಯಾ. 2015ರಲ್ಲಿ ಕಾರ್ಖಾನೆಯ ಉತ್ಪಾದನೆ ನಿಂತಿತು. 2020ರಲ್ಲಿ ಗೇಣಿ ಮುಗಿದಾಗ ಸರ್ಕಾರ ಅದನ್ನು ಮುಂದುವರಿಸಿತು. ಈ ಗುಡ್ಡಗಳಲ್ಲಿ ಮತ್ತೆ ಅಕೇಶಿಯಾ ಬೇಡವೆಂದು ಮಲೆನಾಡಿನ ಜನ ಚಳವಳಿ ಹೂಡಿದರು. ಗಿರಣಿ ನಿಂತರೂ ಮರ ಬೆಳೆಯುವುದು ನಿಲ್ಲಲಿಲ್ಲ ನೋಡಿ! ಹತ್ತಿರದ ಕೊಳ್ಳುವವನು ಹೋದ ಮೇಲೆ ದಾಂಡೇಲಿಯಂಥ ದೂರದ ಗಿರಣಿಗೆ ಸಾಗಿಸಬೇಕು. ಲಾರಿ ಬಾಡಿಗೆ ಮರದ ಬೆಲೆಯಲ್ಲೇ ಕಳೆಯುತ್ತದೆ.

ಆದ್ದರಿಂದ ಮಾರುವ ಮುಂಚೆ ನಾಲ್ಕು ಪ್ರಶ್ನೆ ಕೇಳಿರಿ. ತೂಕ ಹಸಿಯದೋ ಒಣಗಿದ್ದೋ? ತೊಗಟೆ ಸಹಿತವೋ ರಹಿತವೋ? ತೂಕ ಹಾಕುವುದು ಎಲ್ಲಿ? ಕಡಿತ, ಲೋಡಿಂಗ್, ಬಾಡಿಗೆ ಯಾರ ಮೇಲೆ? ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. 10 ಟನ್ ಹಸಿ ಮರವೆಂದರೆ 5 ಟನ್ ಒಣ ಕಟ್ಟಿಗೆ, ಅದರಿಂದ ಎರಡೂಕಾಲು ಟನ್ನಿನಷ್ಟು ಪಲ್ಪ್. ಹಸಿಯ ರೇಟು ಒಪ್ಪಿ ಮರವನ್ನು ತಿಂಗಳುಗಟ್ಟಲೆ ಬಿಸಿಲಿಗೆ ಬಿಟ್ಟರೆ ನಷ್ಟ ನಿಮಗೆ. ತೊಗಟೆ ನೀವೇ ಸುಲಿಯುವುದಾದರೆ ಕಡಿದ ಕೂಡಲೇ ಸುಲಿಯಿರಿ. ಒಣಗಿದರೆ ಅಂಟಿಕೊಂಡು ಕೂಲಿ ಏರುತ್ತದೆ. ಕಡಿಯುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಹೊಸದಾಗಿ ನೆಡಬೇಕೇ ಎಂದು ಕೇಳುತ್ತೀರೇನೋ. ಅಕೇಶಿಯಾ ಜಂಬಿಟ್ಟಿಗೆ ನೆಲದಲ್ಲಿಯೂ ಬೇಗ ಬೆಳೆಯುತ್ತದೆ, ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿಯುತ್ತದೆ, ಸೌದೆಗೂ ಆಗುತ್ತದೆ. ಇದೆಲ್ಲ ನಿಜ. ಆದರೆ ಅದರ ಎಲೆ ದನ ಮೇಯುವುದಿಲ್ಲ, ಬೇಗ ಕೊಳೆಯುವುದಿಲ್ಲ. ಅಡಕೆ ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಗು ಕೊಡುವ ಬೆಟ್ಟದಲ್ಲಿ ಅದಕ್ಕೆ ಜಾಗ ಕೊಟ್ಟರೆ ತೋಟದ ಬಾಯಿಂದ ತುತ್ತು ಕಿತ್ತಂತೆ. ಇರುವ ಮರವನ್ನು ಲೆಕ್ಕ ತಿಳಿದು ಮಾರಿ. ಬೆಟ್ಟವನ್ನು ನೇರಳೆ, ಮತ್ತಿ, ಹೊನ್ನೆಗಳಿಗೆ ಬಿಡಿ. ಒಬ್ಬನೇ ಗಿರಾಕಿಯನ್ನು ನಂಬಿದ ಬೆಳೆ ಆ ಗಿರಾಕಿಯ ಬಾಗಿಲು ಮುಚ್ಚಿದ ದಿನ ಬೀದಿಗೆ ಬರುತ್ತದೆ. ಸೊಪ್ಪಿನ ಬೆಟ್ಟಕ್ಕೋ, ನಿಮ್ಮ ತೋಟವೇ ಗಿರಾಕಿ.