ಎರಡನೆಯ ಸರ್ಫ್‌ಬೋರ್ಡು: ಕಡಲಿನಿಂದ ದೂರ ಇರುವವರ ಆಯ್ಕೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟದ ಸೀಮೆಯಿಂದ ಅಲೆ ಹುಡುಕಿ ಹೊರಟವರು ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯಬೇಕು. ಮಂಗಳೂರಿನಿಂದ ಉಡುಪಿಗೆ ಹೋಗುವ ದಾರಿಯಲ್ಲಿ ಸಿಗುವ ಮೂಲ್ಕಿಯೇ ಕರ್ನಾಟಕದ ಸರ್ಫಿಂಗ್‌ಗೆ ತವರು. ಅಮೆರಿಕದಿಂದ ಬಂದ ಸನ್ಯಾಸಿ ಜ್ಯಾಕ್ ಹೆಬ್ನರ್ 2004ರಲ್ಲಿ ಅಲ್ಲಿ ಮಂತ್ರ ಸರ್ಫ್ ಕ್ಲಬ್ ಕಟ್ಟಿದರು. ಪಕ್ಕದ ಸಸಿಹಿತ್ಲುವಿನಲ್ಲಿ, ಶಾಂಭವಿ ಮತ್ತು ನಂದಿನಿ ಹೊಳೆಗಳು ಕಡಲು ಸೇರುವಲ್ಲಿ, 2016ರ ಮೇ ತಿಂಗಳಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ನಡೆಯಿತು.

ಕಲಿಯುವಾಗ ಕೊಡುವುದು ಎಂಟೊಂಬತ್ತು ಅಡಿಯ ಮೆತ್ತನೆ ಫೋಮ್ ಬೋರ್ಡು. ಒಡೆದು ನೊರೆಯಾದ ಅಲೆಯನ್ನು ಬಿಟ್ಟು, ಒಡೆಯದ ಅಲೆಯನ್ನು ನೀವೇ ಹಿಡಿದು ಎದ್ದು ನಿಂತು, ಅದರ ಮೈಗುಂಟ ಎಡಕ್ಕೋ ಬಲಕ್ಕೋ ಸಾಗಬಲ್ಲಿರಾದರೆ ನೀವು ನಡುಹಂತಕ್ಕೆ ಬಂದಿದ್ದೀರಿ. ಸ್ವಂತ ಬೋರ್ಡಿನ ಆಸೆ ಹುಟ್ಟುವುದು ಆಗಲೇ. ಸ್ಪರ್ಧೆಯಲ್ಲಿ ಕಂಡ ಆರಡಿಯ ಚೂಪುಮೂತಿಯ ಶಾರ್ಟ್‌ಬೋರ್ಡು ಕಣ್ಣು ಸೆಳೆಯುತ್ತದೆ. ಅದನ್ನು ಕೊಳ್ಳಬೇಡಿ.

ಬೋರ್ಡಿನ ಮೇಲೆ ಉದ್ದ, ಅಗಲ, ದಪ್ಪದ ಜೊತೆಗೆ ಲೀಟರಿನ ಲೆಕ್ಕವೂ ಬರೆದಿರುತ್ತದೆ. ನೋಡಬೇಕಾದದ್ದು ಮೊದಲು ಅದನ್ನೇ. ಪೂರ್ತಿ ಮುಳುಗಿಸಿದಾಗ ಬೋರ್ಡು ಎಷ್ಟು ನೀರನ್ನು ಪಕ್ಕಕ್ಕೆ ತಳ್ಳುತ್ತದೆ ಎಂಬ ಅಳತೆ ಅದು. ಒಂದು ಲೀಟರ್ ಕಡಲ ನೀರು ಒಂದು ಕಿಲೋಗಿಂತ ತುಸು ಹೆಚ್ಚು ತೂಗುತ್ತದೆ. ಸಿಪ್ಪೆ ಸುಲಿಯದ ಒಣಕಾಯಿ ಎರಡನ್ನು ಜೋಡಿಸಿ ಕಟ್ಟಿಕೊಂಡು ಕೆರೆಯಲ್ಲಿ ಈಜು ಕಲಿತವರಿಗೆ ಇದರ ಮರ್ಮ ಮೈಗೇ ಗೊತ್ತು. ಲೀಟರು ಹೆಚ್ಚಿದಷ್ಟೂ ಕೈಬೀಸಿ ಮುನ್ನುಗ್ಗುವುದು ಹಗುರ, ಅಲೆ ಬೇಗ ಕೈಗೆ ಸಿಗುತ್ತದೆ. ಕಡಿಮೆಯಾದಷ್ಟೂ ಬೋರ್ಡು ಥಟ್ಟನೆ ತಿರುಗುತ್ತದೆ, ಆದರೆ ತೋಳಿನ ಶಕ್ತಿಯನ್ನೆಲ್ಲ ಬೇಡುತ್ತದೆ. ಆರಡಿಯದು ಬೇಡವೆಂದದ್ದು ಇದಕ್ಕೇ.

ನಡುಹಂತದವರು ಮೈತೂಕದ ಕಿಲೋಗಳನ್ನು 0.5ರಿಂದ 0.6ರವರೆಗಿನ ಸಂಖ್ಯೆಯಿಂದ ಗುಣಿಸಿ ಲೀಟರು ಲೆಕ್ಕ ಹಾಕುವುದು ರೂಢಿ. ಇದು ವಾರವಾರವೂ ನೀರಿಗಿಳಿಯುವ ಕರಾವಳಿಯವರಿಗೆ ಸರಿ. ವರ್ಷಕ್ಕೆ ಕೆಲವೇ ಸಲ ಘಾಟಿ ಇಳಿಯುವ ನಮ್ಮ ಕಡೆಯವರು ಅದನ್ನು 0.6 ಮತ್ತು 0.7ರ ನಡುವಿಗೆ ಏರಿಸಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. 70 ಕಿಲೋ ತೂಗುವವರಿಗೆ 42ರಿಂದ 49 ಲೀಟರ್, ಉದ್ದ ಏಳರಿಂದ ಏಳೂವರೆ ಅಡಿ. ಮಳೆಗಾಲ ಕಳೆದ ಮೇಲೆ ನಮ್ಮ ಕರಾವಳಿಯ ಅಲೆ ಬಹುಪಾಲು ಸಣ್ಣದು, ಮೆದು. ಅಂಥ ಅಲೆಗೆ ಅಗಲವಾದ, ಮೂತಿ ದುಂಡಗಿರುವ, ತಳ ಹೆಚ್ಚು ಬಾಗಿರದ ಬೋರ್ಡು ಒಪ್ಪುತ್ತದೆ. ತಳದ ರೆಕ್ಕೆ, ಅಂದರೆ ಫಿನ್, ಮೂರಿರಲಿ; ಆಸ್ಟ್ರೇಲಿಯಾದ ಸೈಮನ್ ಆ್ಯಂಡರ್ಸನ್ 1980ರ ಸುಮಾರಿಗೆ ರೂಪಿಸಿದ ಈ ಜೋಡಣೆ ಹಿಡಿತವನ್ನೂ ಕೊಡುತ್ತದೆ, ತಿರುವನ್ನೂ ಕೊಡುತ್ತದೆ.

ಇನ್ನು ಒಳಗಿನ ವಸ್ತು. ಪಾಲಿಯುರೆಥೇನ್ ಫೋಮಿನ ಬೋರ್ಡು ಪೆಟ್ಟಿಗೆ ಬೇಗ ತಗ್ಗು ಬೀಳುತ್ತದೆ, ರಿಪೇರಿ ಸುಲಭ. ಎಪಾಕ್ಸಿ ಬೋರ್ಡು ಹಗುರ, ಪೆಟ್ಟು ತಾಳುತ್ತದೆ. ಬಿರುಕು ಬಿಟ್ಟರೆ ಮಾತ್ರ ಒಳಗಿನ ಫೋಮ್ ನೀರು ಹೀರುತ್ತದೆ. ಘಾಟಿಯ ತಿರುವುಗಳಲ್ಲಿ ವಾಹನದ ಮೇಲೆ ಕಟ್ಟಿ ಒಯ್ಯುವವರಿಗೆ ಎಪಾಕ್ಸಿಯೇ ವಾಸಿ. ಬಿರುಕು ಕಂಡ ದಿನ ನೀರಿಗೆ ಇಳಿಸಬೇಡಿ, ಒಣಗಿಸಿ ಮುಚ್ಚಿಸಿ.

ಊರಿನಲ್ಲಿ ಇಡುವ ಜಾಗದ ಬಗ್ಗೆಯೂ ಒಂದು ಮಾತು. ಕೊಬ್ಬರಿ ಅಟ್ಟ ಉದ್ದದ ವಸ್ತು ಇಡಲು ಅನುಕೂಲ ಅನ್ನಿಸುತ್ತದೆ. ಆದರೆ ಶೀಟಿನಡಿಯ ಬೇಸಿಗೆ ಕಾವಿಗೆ ಒಳಗಿನ ಗಾಳಿ ಹಿಗ್ಗಿ, ಹೊರಪದರ ಫೋಮಿನಿಂದ ಕಿತ್ತು ಗುಳ್ಳೆ ಏಳುತ್ತದೆ. ಬಿಸಿಲು ಬೀಳದ ತಣ್ಣನೆ ಕೋಣೆಯ ಗೋಡೆಗೆ ಅಡ್ಡಲಾಗಿ ಇಡಿ. ಕಾಲಿಗೆ ಹಿಡಿತ ಸಿಗಲೆಂದು ಬೋರ್ಡಿಗೆ ಬಳಿಯುವ ಮೇಣವನ್ನು ಬೆಚ್ಚನೆ ನೀರಿನ ಕಡಲಿಗೆಂದು ಮಾಡಿದ್ದನ್ನೇ ತನ್ನಿ, ತಣ್ಣೀರಿನ ಮೇಣ ಇಲ್ಲಿ ಕರಗಿ ಕಾಲು ಜಾರಿಸುತ್ತದೆ.

ಹಣ ಕೊಡುವ ಮುಂಚೆ ಮೂಲ್ಕಿಯಲ್ಲಿ ಬೇರೆ ಬೇರೆ ಉದ್ದದ ಬೋರ್ಡುಗಳನ್ನು ಬಾಡಿಗೆಗೆ ಪಡೆದು ಒಂದೇ ದಿನ, ಒಂದೇ ಬಗೆಯ ಅಲೆಯಲ್ಲಿ ಹತ್ತಿ ನೋಡಿ. ಯಾವುದರಲ್ಲಿ ಹೆಚ್ಚು ಅಲೆ ಹಿಡಿದಿರೋ ಅದರ ಲೀಟರು ಬರೆದುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಕಡಲು ಒರಟು. ಕಲಿಸುವವರು ಬೇಡವೆಂದ ದಿನ, ಎಷ್ಟು ದೂರದಿಂದ ಬಂದಿದ್ದರೂ ನೀರಿಗೆ ಇಳಿಯಬೇಡಿ.