ಮುಚ್ಚಿದ ಕಣಿಯ ಸಾಕ್ಷಿ



ಪ್ರಾಚ್ಯವಸ್ತು ಶಾಸ್ತ್ರವೆಂದೊಡನೆ ನಮಗೆ ನೆನಪಾಗುವುದು ಹಂಪಿ, ಶಿಲಾಶಾಸನ, ಸಾವಿರ ವರ್ಷದ ಮಡಕೆಯ ಚೂರು. ಆದರೆ ಅದೇ ಶಾಸ್ತ್ರದ ಕ್ರಮದಿಂದ ನಿನ್ನೆ ಮೊನ್ನೆಯ ಸಂಗತಿಯನ್ನೂ ಅರಿಯಬಹುದು. ಮಣ್ಣನ್ನು ಪದರ ಪದರವಾಗಿ ತೆಗೆಯುವುದು, ಯಾವ ವಸ್ತು ಯಾವ ಪದರದಲ್ಲಿ ಸಿಕ್ಕಿತೆಂದು ಬರೆದಿಡುವುದು, ಆ ಮೇಲೆ ತೀರ್ಮಾನಕ್ಕೆ ಬರುವುದು. ಇಷ್ಟೇ ಅದರ ಗುಟ್ಟು.

ಅಮೆರಿಕದ ಅರಿಝೋನಾ ವಿಶ್ವವಿದ್ಯಾಲಯದ ವಿಲಿಯಂ ರಾತ್ಜೆ ಎಂಬ ಪ್ರಾಧ್ಯಾಪಕರು 1973ರಿಂದ ಟೂಸಾನ್ ಪಟ್ಟಣದ ಮನೆಗಳ ಕಸವನ್ನು ವಿದ್ಯಾರ್ಥಿಗಳಿಂದ ವಿಂಗಡಿಸಿ ಲೆಕ್ಕ ಮಾಡಿಸಿದರು. ಜನ ತಾವು ಕುಡಿಯುತ್ತೇವೆಂದು ಹೇಳಿದ್ದಕ್ಕಿಂತ ಹೆಚ್ಚು ಬಿಯರಿನ ಗುರುತು ಕಸದಲ್ಲಿತ್ತು. ಮುಂದೆ 1987ರಿಂದ ಕಸದ ಗುಡ್ಡಗಳನ್ನೇ ಅಗೆಸಿದಾಗ, ದಶಕಗಳ ಹಿಂದೆ ಹೂತುಹೋದ ಪತ್ರಿಕೆಗಳನ್ನು ಇನ್ನೂ ಓದಬಹುದಾಗಿತ್ತು. ಅವುಗಳ ತಾರೀಕಿನಿಂದ ಪದರದ ಕಾಲವೂ ತಿಳಿಯಿತು. ಬಾಯಿಮಾತು ಒಂದು, ಮಣ್ಣಿನ ಮಾತು ಇನ್ನೊಂದು.

ಇದು ನಮ್ಮ ತೋಟಕ್ಕೆ ಏಕೆ ಬೇಕು? 2022ರ ಆಗಸ್ಟ್ ಮಳೆಗೆ ಕೊಲ್ಲಮೊಗ್ರು, ಹರಿಹರ ಪಲ್ಲತ್ತಡ್ಕ ಕಡೆ ತೋಡುಗಳು ಉಕ್ಕಿದ್ದನ್ನು ಯಾರೂ ಮರೆತಿಲ್ಲ. ನಮ್ಮ ಕೆಳಗಿನ ತೋಟದಲ್ಲೂ ನೀರು ಹೋಗಲು ದಾರಿಯಿಲ್ಲದೆ ನಿಂತು, ಎರಡು ಸಾಲು ಅಡಿಕೆ ಮರ ಬುಡಸಮೇತ ಮಗುಚಿದುವು. ಅಲ್ಲಿದ್ದ ದೊಡ್ಡ ಕಣಿಯನ್ನು ತೀರ್ಥರೂಪರ ಕಾಲದಲ್ಲೇ ಮುಚ್ಚಿದ್ದೆಂದು ನಾವು ಎಲ್ಲರಲ್ಲೂ ಹೇಳುತ್ತಿದ್ದೆವು. ಅವರು ತೀರಿಕೊಂಡದ್ದು 1991ರಲ್ಲಿ.

ಮರುಬೇಸಗೆಯಲ್ಲಿ ಕಣಿಯನ್ನು ಮತ್ತೆ ತೆಗೆಸಿದೆವು. ಅಡ್ಡಕ್ಕೆ ನೇರವಾಗಿ ಕಡಿದು ನೋಡಿದರೆ ಪದರಗಳು ಸ್ಪಷ್ಟವಾಗಿದ್ದುವು. ಮೇಲೆ ಒಂದು ಮೊಳ ಕೆಂಪು ಮಣ್ಣು, ಅದರಡಿ ಕೊಳೆತ ಸೋಗೆ ಮತ್ತು ತೆಂಗಿನ ಸಿಪ್ಪೆ, ತಳದಲ್ಲಿ ಹಿಂದೆ ನೀರು ಹರಿದ ಮರಳು. ಸಿಪ್ಪೆಯ ಅಡಿ, ಮರಳಿಗೆ ತಾಗಿಕೊಂಡು, ಗೊಬ್ಬರದ ಒಂದು ಪ್ಲಾಸ್ಟಿಕ್ ಚೀಲ. ಅದರ ಮೇಲೆ ಅಚ್ಚಾಗಿದ್ದ ವರ್ಷ 1998!

ಹೊಂಡದ ತಳದಲ್ಲಿ ಸಿಕ್ಕಿದ ವಸ್ತು ತಯಾರಾಗುವ ಮೊದಲೇ ಆ ಹೊಂಡ ಮುಚ್ಚಿರಲಾರದು. ಇದು ಈ ಶಾಸ್ತ್ರದ ಮೊದಲ ಪಾಠ. ಮನೆಯ ಹಳೆಯ ಲೆಕ್ಕದ ಪುಸ್ತಕ ತೆರೆದು ನೋಡಿದರೆ, 1999ರ ಬೇಸಗೆಯಲ್ಲಿ ಕಣಿ ಮುಚ್ಚಿಸಿದ ಮಜೂರಿ ನಮ್ಮದೇ ಕೈಬರಹದಲ್ಲಿತ್ತು. ತೋಟಕ್ಕೆ ಜೀಪು ಇಳಿಯಲೆಂದು ನೀರಿನ ದಾರಿ ಕಟ್ಟಿದವರು ನಾವೇ.

ಆದುದರಿಂದ ತೋಟಕ್ಕೆ ಜೆ.ಸಿ.ಬಿ. ಇಳಿಸುವ ಮುನ್ನ ಸದಸ್ಯರು ಒಂದು ಅಡ್ಡಗಂಡಿ ಕಡಿಸಿ ನೋಡಬೇಕು. ಸಿಕ್ಕಿದ ಚೀಲ, ಶೀಶೆ, ಹೆಂಚಿನ ಚೂರುಗಳನ್ನು ಆಳದ ಅಳತೆಯೊಂದಿಗೆ ಬರೆದಿಡಬೇಕು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅವರ ಅಚ್ಚಿನ ಹೆಂಚು ಸಿಕ್ಕಿದ ಪದರ ಅದಕ್ಕಿಂತ ಹಳೆಯದಲ್ಲ. ಊರಿನ ಹಿರಿಯರನ್ನೂ ಕೇಳಿರಿ, ಆದರೆ ಮಣ್ಣಿನೊಡನೆ ತಾಳೆ ನೋಡಿರಿ. ತಳದಲ್ಲಿ ಮರಳು ಕಂಡರೆ ಅದು ನೀರಿನ ಹಳೆಯ ದಾರಿ. ಅದನ್ನು ಕಟ್ಟಬೇಡಿ.

ಈಗ ನಮ್ಮ ಕಣಿಯಲ್ಲಿ ಮಳೆನೀರು ತೋಡಿಗೆ ಹರಿಯುತ್ತಿದೆ. ತೀರ್ಥರೂಪರ ಮೇಲೆ ಹೊರಿಸಿದ್ದ ಮಾತನ್ನು ಮನೆಮಂದಿಯ ಎದುರು ಹಿಂದೆಗೆದುಕೊಂಡಿದ್ದೇವೆ.