ಡೈರಿ ಮುಂದಿನ ಸಾಲು

ಬೆಳಗ್ಗೆ ಆರಕ್ಕೆಲ್ಲ ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಡೈರಿ ಮುಂದೆ ಸಾಲು ನಿಲ್ಲುತ್ತದೆ. ಒಂದೇ ಸೀಮೆಹಸು ಕಟ್ಟಿಕೊಂಡವರೂ ಅಲ್ಲಿರುತ್ತಾರೆ, ಹತ್ತು ಕಟ್ಟಿದವರೂ ಇರುತ್ತಾರೆ. ದುಡ್ಡು ಸಿಗುವುದು ಹಾಲಿನ ಅಳತೆ, ಫ್ಯಾಟು ನೋಡಿ. ಸಂಘದ ಚುನಾವಣೆಯಲ್ಲಿ ಮಾತ್ರ ಇಬ್ಬರಿಗೂ ಒಂದೊಂದೇ ಓಟು. ಬಂಡವಾಳಶಾಹಿ ದೇಶದಲ್ಲಿ ಸಮಾಜವಾದ ನಡೆದೀತೇ ಎಂದು ವಾದಿಸುವವರು ಈ ಸಾಲನ್ನೊಮ್ಮೆ ನೋಡಬೇಕು.

ಈ ಹಾಲಿನ ಸಂಘಗಳ ಹುಟ್ಟೇ ಬೆರಕೆ. ಹಳ್ಳಿಗೊಂದು ಸಂಘ, ಜಿಲ್ಲೆಗೊಂದು ಒಕ್ಕೂಟ, ಮೇಲೊಂದು ಮಹಾಮಂಡಳ ಎಂಬುದು ಗುಜರಾತಿನ ಆಣಂದ್ ಮಾದರಿ. ಕರ್ನಾಟಕದಲ್ಲಿ ಅದು ಬೇರೂರಿದ್ದು 1970ರ ದಶಕದಲ್ಲಿ, ವಿಶ್ವಬ್ಯಾಂಕಿನ ಸಾಲದಿಂದ! ಹೈನುಗಾರಿಕೆಯ ಮಾತು ಬಂದರೆ ಕೋಲಾರದವರು ಇಂದಿಗೂ ನೆನೆಯುವುದು ತಮ್ಮ ಜಿಲ್ಲೆಯ ಎಂ.ವಿ. ಕೃಷ್ಣಪ್ಪನವರನ್ನು.

ಇದೇ ಜಿಲ್ಲೆ ಇನ್ನೊಂದು ಬಗೆಯ ಸಮಾಜವಾದವನ್ನೂ ಕಂಡಿದೆ. ಜಾನ್ ಟೇಲರ್ ಕಂಪನಿ ನಡೆಸುತ್ತಿದ್ದ ಚಿನ್ನದ ಗಣಿಗಳನ್ನು 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿತು. ಮುಂದೆ ಅವು ಕೇಂದ್ರದ ಪಾಲಾದವು. 2001ರ ಫೆಬ್ರುವರಿ 28ರಂದು ಬೀಗ ಬಿತ್ತು. ಸರ್ಕಾರದ ಒಡೆತನವೇ ಗಣಿಯನ್ನು ಮುಳುಗಿಸಿತು ಎನ್ನುವುದು ಅರ್ಧ ಸತ್ಯ. ಸುಮಾರು ಮೂರು ಕಿಲೋಮೀಟರ್ ಆಳಕ್ಕೆ ಇಳಿದರೂ ಸಿಗುತ್ತಿದ್ದ ಚಿನ್ನ ಖರ್ಚಿಗೆ ಸಾಲುತ್ತಿರಲಿಲ್ಲ. ಆದರೆ ಮುಚ್ಚುವ ತೀರ್ಮಾನ ದಿಲ್ಲಿಯಲ್ಲಾಯಿತು, ಸುರಂಗಕ್ಕಿಳಿದವರ ಕೈಯಲ್ಲಿ ಓಟಿರಲಿಲ್ಲ.

ಡೈರಿಯಲ್ಲಿ ಓಟಿದೆ. ಹಾಗಾಗಿ ರಾಜಕೀಯವೂ ಇದೆ. ಒಕ್ಕೂಟದ ನಿರ್ದೇಶಕರಾಗಲು ಶಾಸಕರೇ ಕಣಕ್ಕಿಳಿಯುತ್ತಾರೆ. ಹಾಲು ಬೆಂಗಳೂರು ಸೇರಿದರೆ ಖಾಸಗಿ ಪ್ಯಾಕೆಟ್ಟುಗಳ ಪಕ್ಕ ನಂದಿನಿಯಾಗಿ ಪೈಪೋಟಿಗೆ ನಿಲ್ಲಬೇಕು. ಬೆಲೆ ಏರಿಸಿದರೆ ಪೇಟೆಯವರು ಮುನಿಯುತ್ತಾರೆ, ಏರಿಸದಿದ್ದರೆ ರೈತರು. ಈ ಇಕ್ಕಟ್ಟಿಗೆ ಸರ್ಕಾರ 2008ರಲ್ಲಿ ಕಂಡುಕೊಂಡ ದಾರಿ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ. ಮುಂದೆ ಅದು 5 ರೂಪಾಯಿಗೆ ಏರಿತು, ತಿಂಗಳುಗಟ್ಟಲೆ ಬಾಕಿ ಉಳಿಯುವುದೂ ಉಂಟು. 2013ರಲ್ಲಿ ಬಂದ ಕ್ಷೀರಭಾಗ್ಯ ಇನ್ನೂ ಜಾಣ ಉಪಾಯ: ಮಾರಿ ಮಿಕ್ಕ ಹಾಲು ಪುಡಿಯಾಗಿ ಶಾಲೆ ಮಕ್ಕಳ ಲೋಟಕ್ಕೆ ಹೋಗುತ್ತದೆ. ಮಾರುಕಟ್ಟೆ ಬೇಡವೆಂದದ್ದನ್ನು ಸರ್ಕಾರ ಕೊಂಡಿತು. ಮಕ್ಕಳಿಗೂ ಹಾಲು, ಹಸು ಕಟ್ಟಿದವರಿಗೂ ಕಾಸು.

ಕೋಲಾರದ ಪಕ್ಕದ ನರಸಾಪುರದಲ್ಲಿ ಈಗ ಹೋಂಡಾ ಸ್ಕೂಟರು, ಐಫೋನು ತಯಾರಾಗುತ್ತವೆ. ಮಗಳು ಕಂಪನಿ ಬಸ್ಸು ಹತ್ತುವ ಮನೆಯಿಂದಲೇ ತಾಯಿ ಕ್ಯಾನು ಹಿಡಿದು ಡೈರಿಗೆ ಹೊರಡುತ್ತಾಳೆ. 2025ರ ಏಪ್ರಿಲಿನಲ್ಲಿ ನಂದಿನಿ ಹಾಲಿನ ಬೆಲೆ ಲೀಟರಿಗೆ 4 ರೂಪಾಯಿ ಏರಿತು. ಬಟವಾಡೆಯ ದಿನ ಆ ತಾಯಿ ಲೆಕ್ಕ ಹಾಕುವುದು, ಹಿಂಡಿ ಬೂಸಾದ ಅಂಗಡಿಯವನಿಗೆ ಕೊಟ್ಟ ಮೇಲೆ ಅದರಲ್ಲಿ ಎಷ್ಟು ಉಳಿಯಿತೆಂದು.